ಎಂಟನೆಯ ತರಗತಿ ಮುಗಿಸಿದ ಮಗನನ್ನು ಮರಗೆಲಸದ ಐಟಿಐಗೆ ಸೇರಿಸುವುದೋ, ಎಸ್‌ಎಸ್‌ಎಲ್‌ಸಿವರೆಗೆ ಕಾಯುವುದೋ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ನನ್ನ ಮಗ ಈ ವರ್ಷ ಸರ್ಕಾರಿ ಶಾಲೆಯಲ್ಲಿ 8ನೆಯ ತರಗತಿ ಮುಗಿಸಿದ್ದಾನೆ, ವಯಸ್ಸು 14 ತುಂಬಿದೆ. ಓದಿನಲ್ಲಿ ತೀರಾ ಹಿಂದೆ ಬಿದ್ದವನಲ್ಲ. ಗಣಿತದಲ್ಲಿ ಒಳ್ಳೆಯ ಅಂಕಗಳೇ ಬರುತ್ತವೆ. ಭಾಷೆಯ ಪುಸ್ತಕ ಹಿಡಿದು ಕೂರುವುದೆಂದರೆ ಮಾತ್ರ ಅವನಿಗೆ ಶಿಕ್ಷೆ. ಮನೆಯಲ್ಲಿ ಮುರಿದ ಸ್ಟೂಲು, ಸಡಿಲವಾದ ಕಿಟಕಿ, ಕೊಟ್ಟಿಗೆಯ ಬಾಗಿಲು ಯಾವುದನ್ನಾದರೂ ಅವನ ಕೈಗೆ ಕೊಟ್ಟರೆ ಊಟದ ನೆನಪೂ ಇರುವುದಿಲ್ಲ.

ನನ್ನ ತಮ್ಮ ಶಿವಮೊಗ್ಗದಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಮಾಡುತ್ತಾನೆ. ಮರಗೆಲಸದ ಐಟಿಐಗೆ 8ನೆಯ ತರಗತಿ ಪಾಸಾಗಿದ್ದರೆ ಸಾಕು, 1 ವರ್ಷದಲ್ಲಿ ಪ್ರಮಾಣಪತ್ರ ಕೈಗೆ ಬರುತ್ತದೆ, ಆಮೇಲೆ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗೆ ಹಣವೂ ಸಿಗುತ್ತದೆ, ಸುಮ್ಮನೆ ಇನ್ನೆರಡು ವರ್ಷ ಏಕೆ ಕಳೆಯುತ್ತೀ ಎಂದು ಅವನು ಪಟ್ಟು ಹಿಡಿದಿದ್ದಾನೆ. ನಮ್ಮ ಯಜಮಾನರು ಎಸ್‌ಎಸ್‌ಎಲ್‌ಸಿ ಆಗಲೇಬೇಕು ಎನ್ನುತ್ತಾರೆ, ಆದರೆ ಏಕೆ ಎಂದು ಕೇಳಿದರೆ ಅವರ ಬಳಿಯೂ ಸರಿಯಾದ ಉತ್ತರವಿಲ್ಲ.

ನಾನು ತಿಳಿಯಬೇಕೆಂದಿರುವುದು ಇಷ್ಟು. ಪ್ರೌಢಶಾಲೆಯಲ್ಲಿ ಓದುತ್ತಲೇ ಮರಗೆಲಸವನ್ನೋ ಕಟ್ಟಡ ಕೆಲಸವನ್ನೋ ಒಂದು ವಿಷಯವಾಗಿ ಕಲಿಯುವ ಅವಕಾಶ ನಮ್ಮ ರಾಜ್ಯದಲ್ಲಿ ಇದೆಯೇ? 8ಕ್ಕೇ ಶಾಲೆ ಬಿಡಿಸಿ ಐಟಿಐಗೆ ಹಾಕಿದರೆ ಮುಂದೆ ಅವನಿಗೆ ಮುಚ್ಚಿಹೋಗುವ ದಾರಿಗಳು ಯಾವುವು? ಈ ಕ್ಷೇತ್ರವನ್ನು ಒಳಗಿನಿಂದ ಕಂಡವರು ದಯವಿಟ್ಟು ಬರೆಯಿರಿ.

ನಿವೃತ್ತ ತರಬೇತುದಾರ

ತಾಯಿ, ನಾನು ಸರ್ಕಾರಿ ಐಟಿಐಯಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿದ್ದು ನಿವೃತ್ತನಾದವನು. ನಿಮ್ಮ ತಮ್ಮನವರು ಹೇಳಿದ್ದರಲ್ಲಿ ಮೊದಲರ್ಧ ನಿಜ. ಮರಗೆಲಸದ ವೃತ್ತಿಗೆ ಐಟಿಐಯಲ್ಲಿ ಕನಿಷ್ಠ ವಿದ್ಯಾರ್ಹತೆ 8ನೆಯ ತರಗತಿ, ಕನಿಷ್ಠ ವಯಸ್ಸು 14, ಅವಧಿ 1 ವರ್ಷ. ಗಾರೆ ಕೆಲಸದ ವೃತ್ತಿಗೂ ಇದೇ ನಿಯಮ. ಕೊನೆಯಲ್ಲಿ ಅಖಿಲ ಭಾರತ ವೃತ್ತಿ ಪರೀಕ್ಷೆ ಬರೆದು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಪಡೆಯುತ್ತಾರೆ. ಆದರೆ ಎಲ್ಲ ಐಟಿಐಗಳಲ್ಲೂ ಈ ವೃತ್ತಿಗಳಿಲ್ಲ. ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಸೀಟುಗಳಿಗಿರುವ ಬೇಡಿಕೆ ಇವುಗಳಿಗೆ ಎಂದೂ ಇರಲಿಲ್ಲ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದಾಗಲೂ ಒತ್ತು ಬಿದ್ದದ್ದು ರೋಬಾಟಿಕ್ಸ್, ಸುಧಾರಿತ ಯಂತ್ರಗಳಂಥ ವಿಷಯಗಳ ಮೇಲೆಯೇ ಹೊರತು ಉಳಿ, ಗರಗಸಗಳ ಮೇಲಲ್ಲ. ಆದ್ದರಿಂದ ನಿಮಗೆ ಹತ್ತಿರದ ಯಾವ ಸಂಸ್ಥೆಯಲ್ಲಿ ಮರಗೆಲಸದ ವಿಭಾಗ ನಿಜಕ್ಕೂ ನಡೆಯುತ್ತಿದೆ, ಅಲ್ಲಿ ಬೋಧಕರಿದ್ದಾರೆಯೇ, ಮರ ಕೊಳ್ಳಲು ಅನುದಾನ ಬರುತ್ತಿದೆಯೇ ಎಂಬುದನ್ನು ಸ್ವತಃ ಹೋಗಿ ನೋಡಿ. ಕಾರ್ಯಾಗಾರದ ಬೆಂಚುಗಳ ಕೆಳಗೆ ಹೊಸ ಹೊಟ್ಟು, ಸಿಪ್ಪೆ ಬಿದ್ದಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ ಎಂದು ತಿಳಿಯಿರಿ.

ಇನ್ನು ಉಳಿದರ್ಧ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದದ್ದು. ಅದರ 18 ವೃತ್ತಿಗಳಲ್ಲಿ ಬಡಗಿ ಮತ್ತು ಗಾರೆ ಕೆಲಸದವರು ಇಬ್ಬರೂ ಇದ್ದಾರೆ, ಉಪಕರಣಗಳಿಗೆ 15,000 ರೂಪಾಯಿಯ ನೆರವೂ ಇದೆ. ಆದರೆ ನೋಂದಣಿಗೆ 18 ವರ್ಷ ತುಂಬಿರಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೂ 18 ತುಂಬಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ನಿಮ್ಮ ಮಗ 15ನೆಯ ವಯಸ್ಸಿಗೆ ಐಟಿಐ ಮುಗಿಸಿ ಹೊರಬಂದರೆ, ಯೋಜನೆಗಳಿಗೂ ಸೇರದೆ, ದೊಡ್ಡ ಕಂಪನಿಗಳು ಕೆಲಸಕ್ಕೂ ತೆಗೆದುಕೊಳ್ಳದೆ ಸುಮಾರು 3 ವರ್ಷ ಮಾವನ ಸೈಟಿನಲ್ಲಿ ಸಹಾಯಕನಾಗಿಯೇ ಉಳಿಯಬೇಕಾಗುತ್ತದೆ. ಅಲ್ಲಿಗೆ ಉಳಿಸಿದೆವೆಂದುಕೊಂಡ 2 ವರ್ಷಗಳಿಂದ ಆದ ಲಾಭವೇನು?

ಮುಚ್ಚಿಹೋಗುವ ದಾರಿಗಳ ವಿಚಾರಕ್ಕೆ ಬರೋಣ. ಎಸ್‌ಎಸ್‌ಎಲ್‌ಸಿ ಆದವರು ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಸಿವಿಲ್ ಡಿಪ್ಲೊಮಾ ಸೇರಬಹುದು. ಇಲ್ಲವೇ ಐಟಿಐಯಲ್ಲೇ 2 ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ವೃತ್ತಿ ಕಲಿತು, ಅಲ್ಲಿಂದ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಹೋಗಬಹುದು. 8ನೆಯ ತರಗತಿಯ ಆಧಾರದ ಮೇಲೆ 1 ವರ್ಷದ ವೃತ್ತಿ ಕಲಿತವನಿಗೆ ಈ ಎರಡೂ ಬಾಗಿಲುಗಳಿಲ್ಲ. ಮುಂದೆ ಅವನಿಗೇ ಓದಬೇಕೆನ್ನಿಸಿದರೆ ಮುಕ್ತ ಶಾಲೆಯ ಮೂಲಕ 10ನೆಯ ತರಗತಿ ಕಟ್ಟಬಹುದು, ಅದು ನಿಜ. ಆದರೆ ಕೂಲಿಯ ರುಚಿ ಹತ್ತಿದ ಹುಡುಗರು ಮತ್ತೆ ಪುಸ್ತಕ ಹಿಡಿದದ್ದನ್ನು ನಾನು ಕಂಡದ್ದು ತೀರಾ ಅಪರೂಪ. ಗಣಿತ ಚೆನ್ನಾಗಿ ಬರುವ ಹುಡುಗನನ್ನು ಈಗಲೇ ಶಾಲೆ ಬಿಡಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳ್ಳಿಶಾಲೆ ಗಣಿತ

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ.

ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಹೆಸರಿನಲ್ಲಿ 9ನೆಯ ತರಗತಿಯಿಂದ ವೃತ್ತಿಪರ ವಿಷಯವೊಂದನ್ನು ತೃತೀಯ ಭಾಷೆಯ ಬದಲಿಗೆ ಆಯ್ದುಕೊಳ್ಳಬಹುದು. ಭಾಷೆಯ ಪುಸ್ತಕ ಕಂಡರೆ ಓಡುವ ನಿಮ್ಮ ಮಗನಿಗೆ ಇದೊಂದೇ ದೊಡ್ಡ ಬಿಡುಗಡೆಯಾದೀತು. ಆದರೆ ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ತೆಗೆದು ನೋಡಿದರೆ ಅಲ್ಲಿ ಕಾಣುವುದು ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವಿಷಯಗಳು. ಮರಗೆಲಸವನ್ನೋ ಗಾರೆ ಕೆಲಸವನ್ನೋ ನಾನು ಅಲ್ಲಿ ಕಂಡಿಲ್ಲ. ಬೆರಳೆಣಿಕೆಯಷ್ಟು ಕಿರಿಯ ತಾಂತ್ರಿಕ ಶಾಲೆಗಳೂ ರಾಜ್ಯದಲ್ಲಿವೆ. ಅಲ್ಲಿಯ ಮಕ್ಕಳು ಎಂಜಿನಿಯರಿಂಗ್ ಗ್ರಾಫಿಕ್ಸ್‌ನಂಥ ಪತ್ರಿಕೆಗಳನ್ನು ಎಸ್‌ಎಸ್‌ಎಲ್‌ಸಿಯಲ್ಲೇ ಬರೆಯುತ್ತಾರೆ. ಅಂಥ ಶಾಲೆ ಊರಿಗೆ ಹತ್ತಿರವಿದ್ದು, 9ಕ್ಕೆ ಸೇರಿಸಿಕೊಳ್ಳುವರೇ ಎಂದು ವಿಚಾರಿಸುವುದರಲ್ಲಿ ನಷ್ಟವೇನಿಲ್ಲ.

ವಿಚಿತ್ರವೆಂದರೆ ಶಾಲೆಯಲ್ಲಿ ಕೈಕೆಲಸ ಇರಬೇಕೆಂದು ನಮ್ಮ ದೇಶದಲ್ಲಿ ಹೇಳದ ವರದಿಯೇ ಇಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್, 1964–66ರ ಕೊಠಾರಿ ಆಯೋಗ ಹೇಳಿದ ಕಾರ್ಯಾನುಭವ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸಿದ 10 ಬ್ಯಾಗ್‌ರಹಿತ ದಿನಗಳು, ಎಲ್ಲದರಲ್ಲೂ ಇದೇ ಮಾತು. ಈ ಕೊನೆಯ ನೀತಿಯಂತೂ 6ರಿಂದ 8ನೆಯ ತರಗತಿಯ ಮಕ್ಕಳು ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದು ಹೆಸರಿಸಿಯೇ ಹೇಳುತ್ತದೆ. ಶಾಲೆಯ ವೇಳಾಪಟ್ಟಿಯಲ್ಲಿ ಕಾರ್ಯಾನುಭವದ ಅವಧಿಯೂ ಇರುತ್ತದೆ; ಗಣಿತದ ಪಾಠ ಹಿಂದೆ ಬಿದ್ದಾಗ ಆ ಅವಧಿಯನ್ನು ಮೊದಲು ನುಂಗುವವರು ನನ್ನಂಥ ಗಣಿತದವರೇ ಎಂಬುದು ಬೇರೆ ಮಾತು.

ಇದನ್ನು ನಿಜವಾಗಿ ಮಾಡಿ ತೋರಿಸಿದ ಜಾಗವೆಂದರೆ ಪುಣೆ ಜಿಲ್ಲೆಯ ಪಾಬಳ್ ಗ್ರಾಮದ ವಿಜ್ಞಾನ ಆಶ್ರಮ. 1983ರಲ್ಲಿ ಡಾ. ಶ್ರೀನಾಥ ಕಲಬಾಗ್ ಅವರು ಆರಂಭಿಸಿದ ಈ ಸಂಸ್ಥೆ ರೂಪಿಸಿದ ಮೂಲ ತಂತ್ರಜ್ಞಾನದ ಪಠ್ಯವನ್ನು ಮಹಾರಾಷ್ಟ್ರದ ಪ್ರೌಢಶಿಕ್ಷಣ ಮಂಡಳಿ 8ರಿಂದ 10ನೆಯ ತರಗತಿಗೆ ಮಾನ್ಯ ಮಾಡಿದೆ. ಮಕ್ಕಳು ವಾರದಲ್ಲಿ ಒಂದು ದಿನ ಕಾರ್ಯಾಗಾರದಲ್ಲಿರುತ್ತಾರೆ, ಎಂಜಿನಿಯರಿಂಗ್, ಕೃಷಿ, ವಿದ್ಯುತ್ ಮತ್ತು ಪರಿಸರ, ಮನೆ ಮತ್ತು ಆರೋಗ್ಯ ಈ ನಾಲ್ಕನ್ನೂ ಸರದಿಯಂತೆ ಕಲಿಯುತ್ತಾರೆ, ಹಳ್ಳಿಯವರಿಗೆ ಬೇಕಾದ ಕೆಲಸವನ್ನು ನಿಜವಾಗಿ ಮಾಡಿಕೊಟ್ಟು ಅದರ ಲೆಕ್ಕ ಬರೆಯುತ್ತಾರೆ. ನನಗೆ ಅಲ್ಲಿ ಹಿಡಿಸಿದ್ದು ಈ ಲೆಕ್ಕ ಬರೆಯುವ ಅಭ್ಯಾಸ. ಎಷ್ಟು ಸಾಮಗ್ರಿ ಹೋಯಿತು, ಎಷ್ಟು ಹೊತ್ತು ಹಿಡಿಯಿತು, ಕೂಲಿ ಎಷ್ಟಾಯಿತು ಎಂದು 13 ವರ್ಷದ ಮಗು ಬರೆದಿಡುವುದಾದರೆ ಅದಕ್ಕಿಂತ ಒಳ್ಳೆಯ ಗಣಿತದ ಪಾಠ ನನ್ನ ಕೈಯಲ್ಲಂತೂ ಇಲ್ಲ.

ನಿಮ್ಮ ಮಗನ ಶಾಲೆಯಲ್ಲಿ ಇವು ಯಾವುವೂ ಇಲ್ಲದಿರಬಹುದು. ಆದರೂ 9 ಮತ್ತು 10ರ ಗಣಿತವೇ ಅವನ ವೃತ್ತಿಯ ಅರ್ಧ ಪಾಠ ಎಂಬುದನ್ನು ಅವನಿಗೆ ಯಾರಾದರೂ ತೋರಿಸಬೇಕು. ಪಾಯದ ಮೂಲೆ ನೇರವಾಗಿದೆಯೇ ಎಂದು ನೋಡಲು ಮೇಸ್ತ್ರಿ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿ, ಅಡ್ಡಕ್ಕೆ ಟೇಪು ಹಿಡಿದು 5 ಅಡಿ ಬಂದರೆ ಸರಿ ಎನ್ನುತ್ತಾನೆ. ಅದು ಪೈಥಾಗೊರಸನ ಪ್ರಮೇಯ. ಇದನ್ನು ತಿಳಿದ ಹುಡುಗ 3-4-5 ಸಾಲದಷ್ಟು ದೊಡ್ಡ ಕೋಣೆಗೆ 9-12-15 ಹಿಡಿಯಬಹುದೆಂದು ತಾನೇ ಕಂಡುಕೊಳ್ಳುತ್ತಾನೆ.

ಘಟ್ಟದ ಮೇಲಿನ ಬಡಗಿ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದಲೇ ಓದಿದೆ. ನಾನು ಸಿರಸಿ ಭಾಗದಲ್ಲಿ ಮರಗೆಲಸದ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದೇನೆ. ಒಂದು ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಎಸ್‌ಎಸ್‌ಎಲ್‌ಸಿ ಮುಗಿಯಲಿ, ಡಿಪ್ಲೊಮಾ ನೋಡೋಣ, ಆಮೇಲೆ ಕೈಕೆಲಸ ಎಂದು ಮುಂದೂಡುತ್ತ ಹೋದರೆ 20 ದಾಟಿದ ಹುಡುಗ ಉಳಿ ಹಿಡಿಯಲು ಬರುತ್ತಾನೆ. ಅವನಿಗೆ ನಕ್ಷೆ ಓದಲು ಬರುತ್ತದೆ, ಕೈ ಮಾತ್ರ ಮಾತು ಕೇಳುವುದಿಲ್ಲ. ಜೊತೆಗೆ ಕಸ ಗುಡಿಸಲು ಹೇಳಿದರೆ ಅವಮಾನವೆನಿಸುತ್ತದೆ. ಕೈ ತಯಾರಾಗುವ ವಯಸ್ಸು 14, 15 ಎಂಬುದು ನನ್ನ ಅನುಭವ. ಹಾಗೆಂದು ಶಾಲೆ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಶಾಲೆಯ ಜೊತೆಗೇ ಕೈಯೂ ನಡೆಯಲಿ, ಒಂದು ಮುಗಿದ ಮೇಲೆ ಇನ್ನೊಂದು ಎಂಬ ಸರದಿ ಬೇಡ.

ಇಂದು ನಮ್ಮ ಕೆಲಸ ಎರಡು ಕವಲಾಗಿದೆ. ತೇಗ, ಹೊನ್ನೆ, ಮತ್ತಿ, ಹಲಸಿನ ಗಟ್ಟಿ ಮರದಲ್ಲಿ ದಾರಂದ, ಬಾಗಿಲು, ಮಂಚ ಮಾಡುವುದು ಒಂದು. ಪ್ಲೈವುಡ್ಡಿನಲ್ಲಿ ಅಡುಗೆಮನೆಯ ಕಪಾಟು, ವಾರ್ಡ್‌ರೋಬ್ ಮಾಡುವುದು ಇನ್ನೊಂದು. ಎರಡರಲ್ಲೂ ಹುಡುಗರು ಸೋಲುವುದು ಲೆಕ್ಕದಲ್ಲಿಯೇ. 7 ಅಡಿ ಎತ್ತರ, 3½ ಅಡಿ ಅಗಲದ ದಾರಂದಕ್ಕೆ ಹೊಸ್ತಿಲೂ ಸೇರಿ 21 ಅಡಿ ಉದ್ದದ ಮರ ಬೇಕು. ಮರದ ಅಳತೆ 5 ಇಂಚಿಗೆ 3 ಇಂಚಾದರೆ 21ನ್ನು 15ರಿಂದ ಗುಣಿಸಿ 144ರಿಂದ ಭಾಗಿಸಬೇಕು, ಸುಮಾರು 2.19 ಘನ ಅಡಿ ಬರುತ್ತದೆ. ಹತ್ತರಿ ಹೊಡೆದು ಹೋಗುವ ಮರ, ಜೋಡಣೆಯೊಳಗೆ ಸೇರುವ ಉದ್ದ ಇವನ್ನು ಅದರ ಮೇಲೆ ಸೇರಿಸಬೇಕು. ಸಾಮಿಲ್ಲಿನವನು ಹೇಳಿದ ಘನ ಅಡಿಯನ್ನೇ ನಂಬಿ ದುಡ್ಡು ಕೊಟ್ಟು ಬರುವ ಬಡಗಿ ತನ್ನ ಕೂಲಿಯಿಂದಲೇ ಕಳೆದುಕೊಳ್ಳುತ್ತಾನೆ.

ಪ್ಲೈವುಡ್ಡಿನದು ಇನ್ನೂ ಸೂಕ್ಷ್ಮ. ಹಾಳೆ 8 ಅಡಿಗೆ 4 ಅಡಿ. 4 ಅಡಿ ಎಂದರೆ 48 ಇಂಚು, ಆದ್ದರಿಂದ 16 ಇಂಚು ಅಗಲದ ಹಲಗೆ 3 ಬರುತ್ತವೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದವನು ಕೊಯ್ದು ನೋಡಿದಾಗ ಮೂರನೆಯ ಹಲಗೆ 5–6 ಮಿಲಿಮೀಟರ್ ಕಡಿಮೆ ಬಿದ್ದಿರುತ್ತದೆ. ಗರಗಸದ ಹಲ್ಲು ಒಂದೊಂದು ಕೊಯ್ತಕ್ಕೂ ಸುಮಾರು 3 ಮಿಲಿಮೀಟರನ್ನು ಹೊಟ್ಟಾಗಿಸುತ್ತದೆ, 3 ಹಲಗೆಗೆ 2 ಕೊಯ್ತ. ಕಪಾಟಿನಲ್ಲಿ ಮೂರನೆಯ ಹಲಗೆ ಮಾತ್ರ ಒಳಗೆ ಸರಿದು ಕೂತಿರುವುದನ್ನು ಮನೆಯ ಯಜಮಾನಿ ಮೊದಲ ದಿನವೇ ಕಂಡುಹಿಡಿಯುತ್ತಾಳೆ. ನನ್ನ ಬಳಿ ಕೆಲಸ ಕೇಳಿ ಬರುವವನ ಪ್ರಮಾಣಪತ್ರವನ್ನು ನಾನು ನೋಡುವುದಿಲ್ಲ. ಒಂದು ನಕ್ಷೆ ಕೊಟ್ಟು, ಹಾಳೆ ಎಷ್ಟು ಬೇಕು, ಯಾವ ತುಂಡನ್ನು ಎಲ್ಲಿಂದ ಕೊಯ್ಯುತ್ತೀ ಎಂದು ಬರೆದು ತೋರಿಸು ಎನ್ನುತ್ತೇನೆ. ಬರೆಯಬಲ್ಲವರು ಕಡಿಮೆ. ಹಾಗೆ ನೋಡಿದರೆ ಗಣಿತದ ಮೇಷ್ಟ್ರ ಮಾತೇ ನನ್ನದೂ ಆಯಿತು.

ಕಾಸರಗೋಡಿನಿಂದ

ಗಡಿಯ ಈಚೆಗಿನ ಒಂದು ಮಾಹಿತಿ. ಕೇರಳದಲ್ಲಿ 8ನೆಯ ತರಗತಿಗೇ ಸೇರುವ ಸರ್ಕಾರಿ ಟೆಕ್ನಿಕಲ್ ಹೈಸ್ಕೂಲುಗಳಿವೆ. ನಮ್ಮ ಜಿಲ್ಲೆಯಲ್ಲೂ ಇವೆ. ಉಳಿದ ವಿಷಯಗಳ ಜೊತೆಗೆ ಕಾರ್ಯಾಗಾರದ ಕೆಲಸ, ಎಂಜಿನಿಯರಿಂಗ್ ಡ್ರಾಯಿಂಗ್ ಕಡ್ಡಾಯ, 10ರ ಕೊನೆಯಲ್ಲಿ ಟಿಎಚ್‌ಎಸ್‌ಎಲ್‌ಸಿ (ಈ ತಾಂತ್ರಿಕ ಶಾಲೆಗಳ ಎಸ್‌ಎಸ್‌ಎಲ್‌ಸಿ) ಪರೀಕ್ಷೆ, ಪಾಲಿಟೆಕ್ನಿಕ್ ಪ್ರವೇಶದಲ್ಲಿ ಇಲ್ಲಿಂದ ಬಂದವರಿಗೆ ಮೀಸಲು ಸೀಟುಗಳೂ ಇವೆ. ಮುಂದೆ ಕಾಲೇಜಿಗೆ ಹೋಗುವವನೂ ಗ್ಯಾರೇಜಿಗೆ ಹೋಗುವವನೂ ಒಂದೇ ಬೆಂಚಿನಲ್ಲಿ ಅರ ಹಿಡಿದು ಉಜ್ಜುತ್ತಾರೆ. ಇದು ಮುಖ್ಯ ಎಂದು ನಾನು ಭಾವಿಸಲು ಕಾರಣವಿದೆ.

1953ರಲ್ಲಿ, ನಮ್ಮ ಊರುಗಳು ಇನ್ನೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳ ಪಾಠವನ್ನು ದಿನಕ್ಕೆ 3 ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಕುಲದ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಯೋಜನೆಯಿದು ಎಂದು ದೊಡ್ಡ ವಿರೋಧ ಎದ್ದಿತು. 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಯಾದ ಮೇಲೆ ಅದನ್ನು ಕೈಬಿಟ್ಟರು. ಕಸುಬು ಕಲಿಸುವುದರಲ್ಲಿ ತಪ್ಪಿರಲಿಲ್ಲ, ಪಾಠದ ಹೊತ್ತನ್ನು ಕತ್ತರಿಸಿ ಕಲಿಸಲು ಹೊರಟದ್ದು ತಪ್ಪಾಗಿತ್ತು. 8ಕ್ಕೇ ಶಾಲೆ ಬಿಡಿಸಿ ಕಸುಬಿಗೆ ಹಚ್ಚುವ ಸಲಹೆ ಕೇಳಿದಾಗ ನನಗೆ ಆ ಕತ್ತರಿಯೇ ನೆನಪಾಗುತ್ತದೆ. ಬಡಗಿಯವರು ಹೇಳಿದಂತೆ ಎರಡೂ ಜೊತೆಯಾಗಿ ನಡೆಯುವುದಾದರೆ ನನ್ನ ತಕರಾರಿಲ್ಲ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. 9ನೆಯ ತರಗತಿಗೆ ಸೇರಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು, ತಮ್ಮನೂ ಒಪ್ಪಿದ. ಆದರೆ ಈಗ ಅವನು ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಹುಡುಗನನ್ನು ತನ್ನ ಸೈಟಿಗೆ ಕಳಿಸು ಎನ್ನುತ್ತಿದ್ದಾನೆ. ಇದಕ್ಕೆ ಕಾನೂನಿನ ಅಡ್ಡಿಯಿದೆಯೇ? ಕಳಿಸುವುದಾದರೆ ಏನು ಕಲಿಸಬೇಕೆಂದು ತಮ್ಮನಿಗೆ ಹೇಳಲಿ?

ನಿವೃತ್ತ ತರಬೇತುದಾರ

ಕಾನೂನಿನ ಭಾಗ ನನಗಿರಲಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14ರಿಂದ 18ರೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ತೊಡಗಿಸುವಂತಿಲ್ಲ. ಬೇರೆ ಕೆಲಸಗಳಲ್ಲೂ ಸತತ 3 ಗಂಟೆಯಾದ ಮೇಲೆ 1 ಗಂಟೆ ಬಿಡುವು ಕೊಡಬೇಕು, ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸಬಾರದು. ಸೋದರಮಾವನ ಸೈಟು ಎಂಬ ಕಾರಣಕ್ಕೆ ಯಾವ ವಿನಾಯಿತಿಯನ್ನೂ ಎಣಿಸಬೇಡಿ. ಸಾರುವೆ, ಸೆಂಟ್ರಿಂಗ್, ಕಾಂಕ್ರೀಟು ಹಾಕುವ ಜಾಗ, ತಿರುಗುವ ಗರಗಸ ಇವುಗಳ ಹತ್ತಿರ 14ರ ಹುಡುಗ ಇರಲೇಕೂಡದು. ನಿಮ್ಮ ತಮ್ಮನವರಿಗೆ ಇದನ್ನು ಸ್ಪಷ್ಟವಾಗಿ ಹೇಳಿ, ಸಂಕೋಚ ಬೇಡ.

ಘಟ್ಟದ ಮೇಲಿನ ಬಡಗಿ

ತರಬೇತುದಾರರ ಮಾತಿಗೆ ನಾನು ಸೇರಿಸುವುದೊಂದೇ: ಸೈಟಿನ ಬದಲು ಮನೆಯ ಜಗಲಿಯಲ್ಲೇ ಶುರುಮಾಡಿ. ಮಾವನವರು ವಾರಕ್ಕೊಮ್ಮೆ ಬಂದು ಕಲಿಸಿದರೆ ಸಾಕು. ವಿದ್ಯುತ್ ಯಂತ್ರ ಈಗ ಬೇಡ. ಕೈಗರಗಸ, ಅರ್ಧ ಇಂಚು ಮತ್ತು 1 ಇಂಚಿನ ಎರಡು ಉಳಿ, ಕೊಡತಿ, ಹತ್ತರಿ, ಮೂಲೆಮಟ್ಟ, ಒಂದು ಒಳ್ಳೆಯ ಟೇಪು, ಎರಡು ಮುಖದ ಸಾಣೆಕಲ್ಲು ಇಷ್ಟಿದ್ದರೆ ಒಂದು ವರ್ಷಕ್ಕೆ ಸಾಕು. ಮೊದಲ ಕೆಲವು ವಾರ ಉಳಿ ಮಸೆಯುವುದನ್ನು ಮಾತ್ರ ಕಲಿಸಲಿ. ಉಳಿಯ ಇಳಿಜಾರು 25ರಿಂದ 30 ಡಿಗ್ರಿಯಲ್ಲಿ ಕಲ್ಲಿನ ಮೇಲೆ ಅಲುಗಾಡದೆ ಓಡಬೇಕು, ಹಿಂಬದಿ ಕನ್ನಡಿಯ ಹಾಗೆ ಸಪಾಟಾಗಿರಬೇಕು. ಮೊಂಡು ಉಳಿಯನ್ನು ಬಲ ಹಾಕಿ ತಳ್ಳಿದಾಗಲೇ ಅದು ಜಾರಿ ಕೈ ಕೊಯ್ಯುವುದು, ಹರಿತವಾದ ಉಳಿಯಲ್ಲಿ ಆ ಭಯ ಕಡಿಮೆ.

ಆಮೇಲೆ ಸಿಲ್ವರ್ ಓಕಿನ ರೀಪಿನ ತುಂಡುಗಳನ್ನು ಕೊಟ್ಟು, ಎರಡನ್ನೂ ಅರ್ಧರ್ಧ ದಪ್ಪ ಕೊರೆದು ಒಂದರೊಳಗೊಂದು ಅಡ್ಡಕ್ಕೆ ಕೂರಿಸುವ ಜೋಡಣೆ ಮಾಡಿಸಲಿ. ಮೊಳೆಯಿಲ್ಲ, ಫೆವಿಕಾಲ್ ಇಲ್ಲ. ಮೂಲೆಮಟ್ಟ ಹಚ್ಚಿ ಬೆಳಕಿಗೆ ಹಿಡಿದಾಗ ಎಲ್ಲಿಂದ ಬೆಳಕು ಇಣುಕುತ್ತದೆಯೋ ಅಲ್ಲಿ ತಪ್ಪಿದೆ. ಯಾರೂ ಬೈಯಬೇಕಾಗಿಲ್ಲ, ಅವನಿಗೇ ಕಾಣುತ್ತದೆ. ಅದು ಸರಿಬಂದ ಮೇಲೆ ಒಂದು ಸ್ಟೂಲು. ಆದರೆ ಮರ ಮುಟ್ಟುವ ಮೊದಲು ಅದರ ಎದುರುನೋಟ, ಬದಿನೋಟ, ಮೇಲುನೋಟಗಳನ್ನು ಅಳತೆ ಸಹಿತ ನೋಟುಬುಕ್ಕಿನಲ್ಲಿ ಬರೆಸಿ, ತುಂಡುಗಳ ಪಟ್ಟಿ ಮಾಡಿಸಿ, ಮುಗಿದ ಮೇಲೆ ಹೋದ ಮರಕ್ಕೂ ಪಟ್ಟಿಗೂ ಎಷ್ಟು ವ್ಯತ್ಯಾಸ ಬಂತೆಂದು ಅದೇ ಪುಟದಲ್ಲಿ ಬರೆಸಿ. ಆ ನೋಟುಬುಕ್ಕನ್ನು ಗಣಿತದ ಮೇಷ್ಟ್ರಿಗೆ ತೋರಿಸುವ ಅಭ್ಯಾಸವಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಹೊಟ್ಟು ಏಳುವಾಗ ಮುಖಕ್ಕೆ ಮಾಸ್ಕ್ ಹಾಕಿಸುವುದನ್ನು ಮರೆಯಬೇಡಿ, ಮರದ ಧೂಳು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ. ನಮ್ಮ ಹಿರಿಯರಿಗೆ ಅದು ಗೊತ್ತಿರಲಿಲ್ಲ.

10ರ ಪರೀಕ್ಷೆ ಮುಗಿದ ರಜೆಯಲ್ಲಿ ಅವನಿಗೂ ನಿಮಗೂ ಒಪ್ಪಿಗೆಯಿದ್ದರೆ ಆ ನೋಟುಬುಕ್ಕು ಹಿಡಿದು ನನ್ನ ಕಾರ್ಖಾನೆಗೆ ಬರಲಿ. ಯಂತ್ರಗಳನ್ನು ಮುಟ್ಟಿಸುವುದಿಲ್ಲ, ದಾರಂದದ ಅಳತೆ ತೆಗೆಯುವಾಗ, ಸಾಮಿಲ್ಲಿನಲ್ಲಿ ಮರ ಆರಿಸುವಾಗ ಜೊತೆಗಿರಲಿ.